ಕೈಯೊಳಗಿನ ಬೆಕ್ಕು

ನಮ್ಮ ಮನೆಯಲ್ಲಿ ಬೆಳಿಗ್ಗೆ ಎದ್ದು ಮೊದಲು ಮಾಡುತ್ತಿದ್ದ ಕೆಲಸ ಕಾಫಿ ಕಾಯಿಸುವುದಾಗಿರಲಿಲ್ಲ. ನನ್ನ ಹೆಂಡತಿ ಮಂಚದ ಅಂಚಿನಲ್ಲಿ ಕೂತು ಎಡಗೈ ಚಾಚುತ್ತಿದ್ದಳು. ನಾನು ಅವಳ ಮಣಿಕಟ್ಟಿಗಿಂತ ಸ್ವಲ್ಪ ಮೇಲೆ, ಉಬ್ಬಿಕೊಂಡಿದ್ದ ನರದ ಮೇಲೆ ಹೆಬ್ಬೆರಳು ಇಡುತ್ತಿದ್ದೆ.

"ಬೆಕ್ಕು ಎದ್ದಿದೆಯೇನ್ರಿ?"

ಚರ್ಮದ ಅಡಿಯಲ್ಲಿ ಸಣ್ಣ ನಡುಕವೊಂದು ಬಿಡದೆ ಓಡುತ್ತಿತ್ತು. ಮಡಿಲಲ್ಲಿ ಮಲಗಿದ ಬೆಕ್ಕಿನ ಹೊಟ್ಟೆಯ ಮೇಲೆ ಕೈ ಇಟ್ಟರೆ ಗುರುಗುಟ್ಟುತ್ತದಲ್ಲ, ಹಾಗೇ. ಅದು ಬೆರಳಿಗೆ ಸಿಕ್ಕಿದ ಮೇಲೆ "ಎದ್ದಿದೆ ಕಣೇ, ಹಾಲು ಕೇಳ್ತಿದೆ" ಎನ್ನುತ್ತಿದ್ದೆ. ಅವಳು ಸೆರಗು ಸರಿ ಮಾಡಿಕೊಂಡು ಅಡುಗೆಮನೆಗೆ ಹೋಗುತ್ತಿದ್ದಳು. ಆ ದಿನ ಅಲ್ಲಿಂದ ಶುರುವಾಗುತ್ತಿತ್ತು.

ಮದುವೆಯಾಗಿ ಮಗಳನ್ನು ಬೆಳೆಸಿ ಧಾರೆ ಎರೆದು ಕೊಟ್ಟ ಮೇಲೂ ನಾನು ಹೆಂಡತಿಯ ಕೈ ಹಿಡಿದು ಕೂತವನಲ್ಲ. ಭದ್ರಾವತಿಯ ಕ್ವಾರ್ಟರ್ಸಿನಲ್ಲಿ ಅಂಥದ್ದಕ್ಕೆಲ್ಲ ಜಾಗವೂ ಇರಲಿಲ್ಲ, ಆ ಬುದ್ಧಿಯೂ ಇರಲಿಲ್ಲ. ಶಿಫ್ಟ್ ಮುಗಿಸಿ ಬಂದವನು ಊಟ ಮಾಡಿ ಮಲಗುತ್ತಿದ್ದೆ, ಇಲ್ಲವೇ ಯಾರ ಮೇಲಾದರೂ ರೇಗುತ್ತಿದ್ದೆ. ನನ್ನ ಸಿಟ್ಟು ಇಡೀ ಬೀದಿಗೇ ಗೊತ್ತಿತ್ತು. ರಿಟೈರ್ ಆಗಿ ಶಿವಮೊಗ್ಗದ ಗೋಪಾಳಕ್ಕೆ ಬಂದ ಮೇಲೆ, ಅದೂ ಅವಳ ಎರಡೂ ಕಿಡ್ನಿ ಕೈಕೊಟ್ಟ ಮೇಲೆ, ದಿನವೂ ಅವಳ ಕೈ ಹಿಡಿಯುವ ಕೆಲಸ ನನ್ನ ಪಾಲಿಗೆ ಬಂತು. ಡಾಕ್ಟರು ಹೇಳಿದ್ದರಿಂದ ಹಿಡಿದೆ, ಅಷ್ಟೇ. ಹೇಳದಿದ್ದರೆ ಹಿಡಿಯುತ್ತಲೂ ಇರಲಿಲ್ಲ.

ಆ ಬೆಕ್ಕು ಅಲ್ಲಿಗೆ ಬಂದದ್ದು ಹೇಗೆ ಎನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಸಕ್ಕರೆ ಕಾಯಿಲೆ, ಬಿಪಿ ಎರಡೂ ಸೇರಿ ಅವಳ ಕಿಡ್ನಿಯನ್ನು ತಿಂದು ಹಾಕಿದ್ದವು. ಇನ್ನು ಡಯಾಲಿಸಿಸ್ ಬಿಟ್ಟರೆ ದಾರಿಯಿಲ್ಲ ಎಂದಾದಾಗ, ಸಂಜೆ ಹೊತ್ತು ವಿನೋಬನಗರದ ಕ್ಲಿನಿಕ್ಕಿನಲ್ಲಿ ಕೂರುತ್ತಿದ್ದ ಸರ್ಜನ್ ಒಬ್ಬರ ಹತ್ತಿರ ಕಳಿಸಿದರು. ವಯಸ್ಸು ನನ್ನ ಅಳಿಯನಷ್ಟು. ಆದರೆ ಮನುಷ್ಯ ಆತುರದವರಲ್ಲ. ನನ್ನ ಕೈಯನ್ನೇ ಮೇಜಿನ ಮೇಲೆ ಇಡಿಸಿಕೊಂಡು ಪಾಠ ಮಾಡಿದರು.

"ಹೃದಯದಿಂದ ಹೊರಗೆ ಹೋಗೋದು ಅಪಧಮನಿ. ಗೋಡೆ ದಪ್ಪ, ನಡುವೆ ಮಾಂಸದ ಪದರ ಇರುತ್ತೆ, ಪ್ರತಿ ಬಡಿತಕ್ಕೂ ಹಿಗ್ಗಿ ಕುಗ್ಗುತ್ತೆ. ವಾಪಸ್ ಬರೋದು ಅಭಿಧಮನಿ. ಅದ್ರ ಗೋಡೆ ತೆಳು, ಒಳಗೆ ಒತ್ತಡ ಕಮ್ಮಿ. ಮೇಲೆ ಹತ್ತೋ ರಕ್ತ ಕೆಳಗೆ ಜಾರಬಾರ್ದು ಅಂತ ಅಲ್ಲಲ್ಲಿ ಕವಾಟ ಇರುತ್ತೆ."

ಅವಳಿ ಮಕ್ಕಳಿಗೆ ಇಟ್ಟ ಹೆಸರಿನ ಹಾಗಿದ್ದ ಆ ಎರಡು ಪದಗಳಲ್ಲಿ ಯಾವುದು ಯಾವುದೆಂದು ನನಗೆ ಇವತ್ತಿಗೂ ಒಮ್ಮೆ ಯೋಚಿಸಬೇಕು. ನಾನು ಕಾರ್ಖಾನೆಯಲ್ಲಿ ಸ್ಟೀಮ್ ಲೈನಿನ ಫಿಟ್ಟರ್ ಆಗಿದ್ದವನು. "ಸಪ್ಲೈ ಲೈನು, ರಿಟರ್ನ್ ಲೈನು ಅನ್ನಿ ಡಾಕ್ಟ್ರೇ" ಎಂದೆ. ಅವರು ನಕ್ಕು ಹಾಗೇ ಆಗಲಿ ಎಂದರು. ನನ್ನ ಮುಂಗೈಯ ಮೇಲೆದ್ದ ನೀಲಿ ನರವೊಂದನ್ನು ಬೆರಳ ಕಡೆಯಿಂದ ಒತ್ತಿ ಹಿಡಿದು, ಇನ್ನೊಂದು ಬೆರಳಿನಿಂದ ಮಣಿಕಟ್ಟಿನ ಕಡೆಗೆ ಸವರಿದರು. ನರ ಚಪ್ಪಟೆಯಾಗಿ ಮಾಯವಾಯಿತು. ಮೇಲಿನ ಬೆರಳು ಎತ್ತಿದರೂ ರಕ್ತ ಒಂದು ಗಂಟಿನವರೆಗೆ ಬಂದು ಅಲ್ಲೇ ನಿಂತಿತು, ಕೆಳಕ್ಕೆ ಇಳಿಯಲಿಲ್ಲ. "ಅದೇ ನಿಮ್ಮ ವಾಲ್ವ್" ಎಂದರು. ಇಷ್ಟು ವರ್ಷ ನನ್ನದೇ ಕೈಯಲ್ಲಿ ಅಷ್ಟು ಅಚ್ಚುಕಟ್ಟಾದ ವಾಲ್ವು ಇರುವುದು ನನಗೆ ಗೊತ್ತಿರಲಿಲ್ಲ. ಆ ಹೊತ್ತಿನಲ್ಲೂ ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಎರಡು ಲೈನುಗಳ ನಡುವೆ ಕೂದಲಿಗಿಂತ ಸಣ್ಣ ನಾಳಗಳ ಬಲೆ ಇರುತ್ತದಂತೆ. ಲೋಮನಾಳ. ಅಲ್ಲಿ ರಕ್ತದ ಕಣಗಳು ರೇಷನ್ ಅಂಗಡಿಯ ಸಾಲಿನಂತೆ ಒಂದರ ಹಿಂದೆ ಒಂದು ಸಾಗಬೇಕು. ಮೈಗೆ ಬೇಕಾದ್ದನ್ನು ಕೊಡುವುದು, ಬೇಡವಾದ್ದನ್ನು ತೆಗೆದುಕೊಳ್ಳುವುದು ಎಲ್ಲ ನಡೆಯುವುದು ಅಲ್ಲೇ. ಆ ಇಕ್ಕಟ್ಟಿನಲ್ಲಿ ಹಾದು ಬರುವಷ್ಟರಲ್ಲಿ ರಕ್ತದ ಜೋರು ಇಳಿದಿರುತ್ತದೆ. ಡಯಾಲಿಸಿಸ್ ಮಿಷನ್ನಿಗಾದರೋ ಜೋರು ಬೇಕು, ಸೂಜಿಗೆ ಸುಲಭವಾಗಿ ಸಿಗುವ ಜಾಗವೂ ಬೇಕು. ಅದಕ್ಕೆ ಸರ್ಜನ್ ಮಾಡುವುದು ಇಷ್ಟೇ: ಮಣಿಕಟ್ಟಿನ ಹತ್ತಿರ ಬಲೆಯ ಸಹವಾಸವೇ ಬೇಡವೆಂದು ಅಪಧಮನಿಗೆ ಅಭಿಧಮನಿಯನ್ನು ನೇರವಾಗಿ ಹೊಲಿದುಬಿಡುವುದು. ಅದನ್ನು ಫಿಸ್ಟುಲಾ ಎನ್ನುತ್ತಾರೆ.

ನನಗೆ ಗಾಬರಿಯಾಯಿತು. ರಿಟರ್ನ್ ಲೈನಿಗೆ ಸಪ್ಲೈ ಪ್ರೆಷರ್ ಕೊಟ್ಟರೆ ಏನಾಗುತ್ತದೆ ಎನ್ನುವುದನ್ನು ನಾನು ಕಣ್ಣಾರೆ ಕಂಡವನು. "ಒಡೆದು ಹೋಗಲ್ವಾ?" ಎಂದು ಕೇಳಿದೆ.

"ಇದು ಪೈಪ್ ಅಲ್ಲ ಯಜಮಾನ್ರೇ" ಎಂದರು ಡಾಕ್ಟರು. "ಜೀವ ಇರೋ ಗೋಡೆ. ಒತ್ತಡ ಬಿದ್ದ ಹಾಗೆ ಹಿಗ್ಗುತ್ತೆ, ದಪ್ಪ ಆಗುತ್ತೆ. ಕೆಲವು ವಾರ ಬಿಟ್ರೆ ಪಳಗುತ್ತೆ."

ಅಲ್ಲಿಯವರೆಗೆ ಬಾಯಿಬಿಡದೆ ಕೂತಿದ್ದ ನನ್ನ ಹೆಂಡತಿ, "ನನ್ ಹಾಗೇ ಬಿಡಿ. ಇವ್ರ ಕೂಗಾಟ ಕೇಳಿ ಕೇಳಿ ನಾನೂ ಹಂಗೇ ದಪ್ಪ ಆಗಿದ್ದು" ಎಂದಳು. ಡಾಕ್ಟರು ನಗು ತಡೆಯಲಾರದೆ ತಲೆ ತಗ್ಗಿಸಿದರು. ನಾನು ಮುಖ ಗಂಟಿಕ್ಕಿಕೊಂಡೆ.

ಆಮೇಲೆ ಅವರು ಅವಳ ಬಲಗೈಯನ್ನು ನೋಡಿದರು. ವರ್ಷಗಟ್ಟಲೆ ಸೂಜಿ, ಡ್ರಿಪ್ಪು ಚುಚ್ಚಿಸಿಕೊಂಡು ಅದರ ನರಗಳೆಲ್ಲ ಒಣಗಿದ ದಾರದಂತಾಗಿದ್ದವು. ಎಡಗೈಯಲ್ಲಿ ಮೊಣಕೈಯಿಂದ ಮೇಲೆ ತೀರಾ ಸಣ್ಣವು. ಮಣಿಕಟ್ಟಿನ ಹತ್ತಿರದ್ದು ಒಂದೇ ಯೋಗ್ಯವಾಗಿತ್ತು. "ಇದನ್ನ ಜೋಪಾನ ಮಾಡ್ಬೇಕಮ್ಮ. ಇದೇ ನಿಮಗೆ ಆಧಾರ" ಎಂದರು. ಆ ಕೈಯಲ್ಲಿ ಬಿಪಿ ನೋಡಿಸಬಾರದು, ರಕ್ತ ಕೊಡಬಾರದು, ಭಾರ ಎತ್ತಬಾರದು, ಅದರ ಮೇಲೆ ಮಲಗಬಾರದು, ಬಿಗಿಯಾದ್ದು ಏನನ್ನೂ ಹಾಕಬಾರದು. ನಾಳದ ಒಳಮೈ ತುಂಬ ನುಣುಪು, ಹರಿಯುತ್ತಿರುವವರೆಗೆ ರಕ್ತ ಅಲ್ಲಿ ಅಂಟುವುದಿಲ್ಲ. ನಿಂತರೆ ಮಾತ್ರ ಹಾಲು ಮೊಸರಾದ ಹಾಗೆ ಹೆಪ್ಪುಗಟ್ಟುತ್ತದೆ, ಆಮೇಲೆ ಅದನ್ನು ಮತ್ತೆ ಹರಿಸುವುದು ಕಷ್ಟ. ಹರಿಯುತ್ತಿದೆಯೋ ಇಲ್ಲವೋ ತಿಳಿಯಲು ದಿನವೂ ಮುಟ್ಟಿ ನೋಡಬೇಕು. ಹರಿಯುತ್ತಿದ್ದರೆ ಬೆರಳಿಗೆ ನಡುಕ ಸಿಗುತ್ತದೆ. ಆ ನಡುಕಕ್ಕೆ ಬೆಕ್ಕು ಎಂದು ಹೆಸರಿಟ್ಟವಳು ಅವಳು.

ವಾರದಲ್ಲಿ ಎರಡು ದಿನ ಗೋಪಾಳದಿಂದ ಸಿಟಿ ಬಸ್ಸು ಹಿಡಿದು ಆಸ್ಪತ್ರೆಗೆ ಹೋಗುತ್ತಿದ್ದೆವು. ಸಿಸ್ಟರ್ ಉಬ್ಬಿದ ನರಕ್ಕೆ ಎರಡು ದಪ್ಪ ಸೂಜಿ ಚುಚ್ಚುತ್ತಿದ್ದರು, ಒಂದು ರಕ್ತ ಎಳೆಯಲು, ಇನ್ನೊಂದು ವಾಪಸ್ ಕಳಿಸಲು. ಪ್ಲಾಸ್ಟಿಕ್ ಕೊಳವೆಯಲ್ಲಿ ಅವಳ ರಕ್ತ ಮಿಷನ್ನಿನ ಕಡೆಗೆ ಹೋಗುತ್ತಿತ್ತು. ಒಮ್ಮೆ ಅವಳು ಬಲಗೈಯಿಂದ ಆ ಕೊಳವೆ ಮುಟ್ಟಿ, "ಬಿಸಿ ಇದೆ ನೋಡ್ರಿ" ಎಂದಳು. ಮುಟ್ಟಿದೆ. ನಿಜವಾಗಿಯೂ ಬಿಸಿ ಇತ್ತು. ನಾನು ಹೊರಗೆ ಹೋಗಿ ಬೆಂಚಿನ ಮೇಲೆ ಕೂತೆ. ಅಲ್ಲಿ ಬರುವವರೆಲ್ಲ ಅವೇ ಮುಖಗಳು. ಯಾರದಾದರೂ ಮಂಚ ಖಾಲಿ ಇದ್ದರೆ ಊರಿಗೆ ಹೋಗಿರಬೇಕು ಎಂದುಕೊಂಡು ಸುಮ್ಮನಾಗುತ್ತಿದ್ದೆವು. ವಿಚಾರಿಸುವ ಧೈರ್ಯ ಯಾರಿಗೂ ಇರಲಿಲ್ಲ.

ಇಷ್ಟೆಲ್ಲ ತಡೆದುಕೊಂಡವಳಿಗೆ ತಡೆಯಲಾಗದಿದ್ದದ್ದು ಒಂದೇ, ಬೋಳಾದ ಎಡಗೈ. ಆಪರೇಷನ್ನಿನ ಹಿಂದಿನ ದಿನ ಆ ಕೈಯ ಬಳೆಗಳನ್ನು ತಾನೇ ತೆಗೆದು ಸ್ಟೀಲ್ ಡಬ್ಬಿಗೆ ಹಾಕಿದ್ದಳು. ಬಲಗೈಯಲ್ಲಿ ಹಸಿರು ಗಾಜಿನ ಬಳೆ ತುಂಬಿಕೊಂಡಿರುತ್ತಿದ್ದವು, ಎಡಗೈಯಲ್ಲಿ ಏನೂ ಇಲ್ಲ. ಬಸ್ಸಿನಲ್ಲಿ, ದೇವಸ್ಥಾನದಲ್ಲಿ, ಅರಿಶಿನ ಕುಂಕುಮಕ್ಕೆ ಕರೆದವರ ಮನೆಯಲ್ಲಿ ಎಡಗೈಯನ್ನು ಸೆರಗಿನೊಳಗೆ ಇಟ್ಟುಕೊಂಡೇ ಕೂರುತ್ತಿದ್ದಳು. "ಅರ್ಧ ಮುತ್ತೈದೆ" ಎಂದು ಒಮ್ಮೆ ರೇಗಿಸಿದೆ. ನಾನು ಹೇಳುವ ಕೆಟ್ಟ ತಮಾಷೆಗೂ ನಗುವವಳು ಅವತ್ತು ನಗಲಿಲ್ಲ.

ಅದಕ್ಕೆ ಕಾರಣವೂ ಇತ್ತು. ಅದರ ಹಿಂದಿನ ವರ್ಷ ನನಗೆ ಎದೆನೋವು ಬಂದು, ಹೃದಯಕ್ಕೇ ರಕ್ತ ಕೊಡುವ ನಾಳವೊಂದು ಕಟ್ಟಿಕೊಂಡಿದೆ ಎಂದು ಸ್ಟೆಂಟ್ ಹಾಕಿದ್ದರು. ಒಳಗೋಡೆಗೆ ಕೊಬ್ಬು ಮೆತ್ತಿಕೊಂಡು ದಾರಿ ಸಣ್ಣದಾಗಿತ್ತಂತೆ. ನಾನು ಬಾಯ್ಲರ್ ಟ್ಯೂಬಿಗೆ ಕಿಟ್ಟ ಕಟ್ಟಿದ ಕಥೆ ಹೇಳಿ ಎಲ್ಲರನ್ನೂ ನಗಿಸಿ ಮನೆಗೆ ಬಂದೆ. ನಗದವಳು ಇವಳೊಬ್ಬಳೇ. ಅಂದಿನಿಂದ ನನ್ನ ಉಸಿರು ತನ್ನ ಬಳೆಯಲ್ಲಿದೆ ಎಂದು ಅವಳಿಗೆ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಗುಳಿಗೆಯಲ್ಲಿದೆ ಮಾರಾಯ್ತಿ ಎಂದರೆ, ಗುಳಿಗೆಯೂ ಇರಲಿ ಬಳೆಯೂ ಇರಲಿ ಎನ್ನುತ್ತಿದ್ದಳು.

ಮಗಳು ಬಸುರಿಯಾದಳು. ಅವಳ ಸೀಮಂತ ಭದ್ರಾವತಿಯಲ್ಲಿ, ನ್ಯೂಟೌನಿನ ಬೀಗರ ಮನೆಯಲ್ಲಿ. ಮರುದಿನ ಡಯಾಲಿಸಿಸ್ ಇತ್ತು, ನನ್ನ ಹೆಂಡತಿಯ ಮೈಯಲ್ಲಿ ನೀರು ತುಂಬಿ ಪಾದ ಊದಿಕೊಂಡಿದ್ದವು. ಆದರೂ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹೊಸ ಸೀರೆಯ ನೆರಿಗೆ ನೀವಿಕೊಳ್ಳುತ್ತಲೇ ಇದ್ದಳು. ಇಷ್ಟು ಸಂತೋಷವಾಗಿ ಅವಳನ್ನು ನೋಡಿ ಬಹಳ ಕಾಲವಾಗಿತ್ತು.

ನಾನು ಶಾಮಿಯಾನದ ಕೆಳಗೆ ಬೀಗರ ಜೊತೆ ಹಳೆ ಕಾರ್ಖಾನೆಯ ಮಾತಾಡುತ್ತ ಕೂತಿದ್ದೆ. ಒಳಗೆ ನಡೆದದ್ದನ್ನು ಆಮೇಲೆ ಮಗಳು ಹೇಳಿದಳು. ಬಳೆ ತೊಡಿಸುವವಳು ಮೊದಲು ಮಗಳ ಎರಡು ಕೈಗೂ ಹಸಿರು ಬಳೆ ತುಂಬಿ, ಆಮೇಲೆ ಬಂದ ಮುತ್ತೈದೆಯರಿಗೆಲ್ಲ ತೊಡಿಸುತ್ತಿದ್ದಳಂತೆ. ಪಕ್ಕದ ಮನೆಯ ತಮಿಳು ಹೆಂಗಸರು, ನಮ್ಮಲ್ಲೂ ಇದೇ ಶಾಸ್ತ್ರ, ವಳೈಕಾಪು ಅಂತೀವಿ ಎಂದು ಕೈಚಾಚಿದರಂತೆ. ಇವಳ ಸರದಿ ಬಂದಾಗ ಬಲಗೈ ಮಾತ್ರ ಕೊಟ್ಟಳು.

"ಅದೇನು ಬೀಗ್ರೇ, ಒಂದೇ ಕೈ? ಬಸುರಿ ಹುಡುಗಿಯ ತಾಯಿ ನೀವು. ಶುಭದ ದಿನ ಒಂದು ಕೈ ಬೋಳು ಇಟ್ಕೋಬಾರ್ದು" ಎಂದರು ಬೀಗಿತ್ತಿ. ಅವರಿಗೆ ಕಿಡ್ನಿ ವಿಷಯ ಗೊತ್ತಿತ್ತು, ಕೈಯ ವಿಷಯ ಗೊತ್ತಿರಲಿಲ್ಲ. ಇವಳು ಯಾರಿಗೂ ಹೇಳಿಕೊಂಡಿರಲಿಲ್ಲ.

ಮಗಳು ಕುರ್ಚಿಯಿಂದಲೇ "ಅಮ್ಮಂಗೆ ಆ ಕೈಗೆ ಬೇಡ" ಎಂದಳಂತೆ. ಇವಳು ಅವಳ ಬಾಯಿ ಮುಚ್ಚಿಸಿದಳು. "ಇವತ್ತಿನ ದಿನ ನಿನ್ ಬಾಯಲ್ಲಿ ಬೇಡ ಅನ್ನೋ ಮಾತು ಬರಬಾರ್ದು, ಸುಮ್ನಿರು." ಹಾಗೆ ಹೇಳಿದ ಮೇಲೆ ಸೆರಗಿನಿಂದ ಎಡಗೈ ತೆಗೆದು ತಾನೇ ಮುಂದೆ ಚಾಚಿದಳು. ಬಳೆಯವಳು ಸೋಪಿನ ನೀರು ಸವರಿ, ಅಂಗೈ ಮೂಳೆಗಳನ್ನು ಒತ್ತಿ ಮಡಿಸಿ, ಒಂದೊಂದಾಗಿ ಏರಿಸಿದಳು. ಕೈಗೆ ಅಂಟಿ ಕೂತರೇ ಚಂದ ಎಂದು ಒಂದು ಅಳತೆ ಸಣ್ಣದನ್ನೇ ಆರಿಸಿದ್ದಳು. ಎಲ್ಲರೂ ಹಾಗೇ ತೊಡಿಸಿಕೊಳ್ಳುತ್ತಾರೆ.

ನನಗೆ ಗೊತ್ತಾದದ್ದು ವಾಪಸ್ ಬರುವ ಬಸ್ಸಿನಲ್ಲಿ. ಅವಳು ನನ್ನ ಬಲಪಕ್ಕಕ್ಕೆ ಕೂತಿದ್ದಳು, ಅವಳ ಎಡಗೈ ನನ್ನ ಕಡೆಗೆ. ಬಸ್ಸು ಕುಲುಕಿದಾಗ ಸೆರಗಿನೊಳಗಿಂದ ಗಾಜಿನ ಸದ್ದು ಬಂತು. ಆ ಕಡೆಯಿಂದ ಸದ್ದು ಬರಬಾರದಿತ್ತು. ಸೆರಗು ಸರಿಸಿ ನೋಡಿ ನನ್ನ ರಕ್ತ ಕುದಿಯಿತು. ಜನರ ಮುಂದೆ ಏನೂ ಅನ್ನಬೇಡಿ ಎಂದು ಕಣ್ಣಲ್ಲೇ ಬೇಡಿಕೊಂಡಳು. ಹಲ್ಲು ಕಚ್ಚಿಕೊಂಡು ಕೂತೆ.

ಮನೆಗೆ ಬಂದ ಮೇಲೆ ದೀಪ ಹಚ್ಚಲೂ ಬಿಡದೆ ಬಚ್ಚಲಿಗೆ ಕರೆದುಕೊಂಡು ಹೋದೆ. ಸೋಪು ಹಚ್ಚಿದೆ, ಕೊಬ್ಬರಿ ಎಣ್ಣೆ ಹಚ್ಚಿದೆ. ಬೆಳಿಗ್ಗೆಯಿಂದ ಕೈ ಇನ್ನಷ್ಟು ಊದಿತ್ತು, ಬಳೆಗಳು ಕದಲಲಿಲ್ಲ. ಎಳೆದರೆ ಅವಳು ನೋವಿಗೆ ತುಟಿ ಕಚ್ಚುತ್ತಿದ್ದಳು. ಬಳೆಗಳ ಮೇಲುಗಡೆ ಹೆಬ್ಬೆರಳು ಇಟ್ಟು ನೋಡಿದೆ. ಬೆಕ್ಕು ಇತ್ತು, ಆದರೆ ಸಣ್ಣದಾಗಿ, ದೂರದಲ್ಲೆಲ್ಲೋ. "ಇದೆ, ಆದ್ರೆ ಸಣ್ಣಗಾಗಿದೆ" ಎಂದೆ. ಹೋಗಿ ನನ್ನ ಹಳೆ ಪೆಟ್ಟಿಗೆಯಿಂದ ಕಟಿಂಗ್ ಪ್ಲೇಯರ್ ತಂದೆ.

ಅವಳು ಕೈಯನ್ನು ಎದೆಗೆ ಒತ್ತಿಕೊಂಡು ಗೋಡೆಗೆ ಆನಿಕೊಂಡಳು.

"ನೀವು ಎದುರಿಗೆ ನಿಂತಿರೋವಾಗ್ಲೇ, ನಿಮ್ಮ ಕೈಯಾರೆ, ನನ್ನ ಬಳೆ ತೆಗೀತೀರಾ?"

ಒಡೆಯುತ್ತೀರಾ ಎನ್ನುವ ಮಾತು ಕೂಡ ಅವಳ ಬಾಯಿಂದ ಬರಲಿಲ್ಲ. ನಮ್ಮಲ್ಲಿ ಬಳೆ ಒಡೆಯಿತು ಎನ್ನುವುದಿಲ್ಲ, ಹೆಚ್ಚಿತು ಎನ್ನುತ್ತಾರೆ. ಒಡೆಯುವುದು ಒಂದೇ ಒಂದು ದಿನ, ಗಂಡ ಸತ್ತ ಮೇಲೆ.

"ಇದು ಗಾಜು ಕಣೇ! ನಾನು ಹುಷಾರಾಗಿ ನಿಂತಿದೀನಿ, ಸಾಯ್ತಿರೋದು ನಿನ್ನ ಕೈ! ಅದು ಹೋದ್ರೆ ಇನ್ನೊಂದಿಲ್ಲ ಅಂದ್ರಲ್ಲ ಡಾಕ್ಟ್ರು, ಕೇಳಿಸ್ಕೊಳ್ಳಲಿಲ್ವಾ?"

"ಕೇಳಿಸ್ಕೊಂಡೆ. ಬೆಕ್ಕು ಇದೆ ಅಂದ್ರಲ್ಲ ಈಗ್ತಾನೆ? ಬೆಳಿಗ್ಗೆ ಗಾಂಧಿ ಬಜಾರಿಗೆ ಹೋಗಿ ಬಳೆ ಅಂಗಡಿಯಲ್ಲಿ ತೆಗೆಸ್ಕೊಂಡು, ಹಂಗೇ ಆಸ್ಪತ್ರೆಗೆ ಹೋಗೋಣ. ಅವ್ರು ಒಂದೂ ಹೆಚ್ಚದ ಹಾಗೆ ತೆಗೀತಾರೆ. ಒಂದು ರಾತ್ರಿಗೆ ಏನಾಗುತ್ತೆ?"

ಈಗಲೇ ಆಸ್ಪತ್ರೆಗೆ ನಡಿ ಎಂದೆ. ಅಲ್ಲಿ ಕತ್ತರಿಸಿಬಿಡುತ್ತಾರೆ, ಬರುವುದಿಲ್ಲ ಎಂದಳು. ನಾನು ಕೂಗಾಡಿದೆ. ಎದುರು ಮನೆಯವರು ಬಾಗಿಲಿಗೆ ಬಂದು ನೋಡಿ ಒಳಗೆ ಹೋದರು. ಇಷ್ಟು ವರ್ಷ ನನ್ನ ಕೂಗಿಗೆಲ್ಲ ತಗ್ಗಿದವಳು ಅವತ್ತು ತಗ್ಗಲಿಲ್ಲ. ಅಳುತ್ತಲೇ ಹತ್ತಿರ ಬಂದು ಬಲಗೈಯನ್ನು ನನ್ನ ಎದೆಯ ಮೇಲಿಟ್ಟಳು. "ಕೂಗಬೇಡ್ರಿ, ನಿಮ್ಮ ಎದೆ ಸರಿಯಿಲ್ಲ. ನಿಮಗೇನಾದ್ರೂ ಆದ್ರೆ ಈ ಬೆಕ್ಕು ಇಟ್ಕೊಂಡು ನಾನೇನು ಮಾಡ್ಲಿ?"

ಪ್ಲೇಯರನ್ನು ಪೆಟ್ಟಿಗೆಗೆ ಹಾಕಿದೆ. ಕೈಯನ್ನು ದಿಂಬಿನ ಮೇಲೆ ಎತ್ತರಕ್ಕೆ ಇಟ್ಟು ಮಲಗಿಸಿದೆ.

ಬೆಳಿಗ್ಗೆ ಅವಳು ಕೈ ಚಾಚಲಿಲ್ಲ. ಹೊತ್ತಾಯಿತು, ಬಸ್ಸು ಹೋಗುತ್ತದೆ ಎಂದು ಓಡಾಡಿದಳು. ನಾನೂ ಕೇಳಲಿಲ್ಲ. ಕೇಳಿದರೆ ಏನು ಗೊತ್ತಾಗುತ್ತದೋ ಎನ್ನುವ ಹೆದರಿಕೆ ಇಬ್ಬರಿಗೂ ಇತ್ತು ಎಂದು ಈಗ ಅನಿಸುತ್ತದೆ.

ಗಾಂಧಿ ಬಜಾರಿನಲ್ಲಿ ಅಂಗಡಿಯವರು ಆಗ ತಾನೇ ಬಾಗಿಲು ತೆಗೆದು ಊದುಬತ್ತಿ ಹಚ್ಚುತ್ತಿದ್ದರು. ವಿಷಯ ಕೇಳಿ ಅವಳನ್ನು ಸ್ಟೂಲಿನ ಮೇಲೆ ಕೂರಿಸಿದರು. ತೆಳ್ಳನೆಯ ಪ್ಲಾಸ್ಟಿಕ್ ಕವರೊಂದನ್ನು ಅವಳ ಅಂಗೈಗೆ ತೊಡಿಸಿ, ಅದರ ತುದಿಯನ್ನು ಬಳೆಯ ಅಡಿಯಿಂದ ತೂರಿಸಿ, ಮೇಲೆ ಎಣ್ಣೆ ಸುರಿದರು. "ಕೈ ಸಡಿಲ ಬಿಡಿ ಅಮ್ಮ, ಮನೆ ಮಾತಾಡಿ" ಎಂದರು. ಇವಳು ಮಗಳ ಸೀಮಂತದ ಮಾತಾಡುತ್ತ ಹೋದಳು, ಅವರು ಒಂದೊಂದೇ ಬಳೆಯನ್ನು ಜಾರಿಸುತ್ತ ಹೋದರು. ಕೊನೆಯದೂ ಬಂತು. ಎಲ್ಲವನ್ನೂ ಒರೆಸಿ ಗಾಜಿನ ಕಪಾಟಿನ ಮೇಲೆ ಸಾಲಾಗಿ ಇಟ್ಟರು.

"ಒಂದೂ ಹೆಚ್ಚಲಿಲ್ಲ ನೋಡ್ರಿ" ಎಂದಳು. ಮುಖದಲ್ಲಿ ಗೆದ್ದ ಸಂತೋಷ ಇತ್ತು.

ಅವಳ ಚರ್ಮದ ಮೇಲೆ ಬಳೆಗಳ ಗುರುತು ಕೆಂಪಗೆ ಇಳಿದಿತ್ತು. ನಾನು ಅಲ್ಲೇ, ಅಂಗಡಿಯಲ್ಲೇ, ಎಣ್ಣೆ ಕೈಯ ಮೇಲೆ ಹೆಬ್ಬೆರಳು ಇಟ್ಟೆ. ಸ್ವಲ್ಪ ಮೇಲಕ್ಕೆ ಸರಿಸಿದೆ. ಇನ್ನೂ ಸ್ವಲ್ಪ. ಮೆತ್ತಗೆ ನಡುಗುತ್ತಿದ್ದ ನರ ಹುರಿಹಗ್ಗದಂತೆ ಗಟ್ಟಿಯಾಗಿತ್ತು. ನಡುಕ ಇರಲಿಲ್ಲ.

"ಬೆಕ್ಕು ಎದ್ದಿದೆಯೇನ್ರಿ?"

"ಇಲ್ಲಿ ಗಲಾಟೆ, ಗೊತ್ತಾಗ್ತಿಲ್ಲ" ಎಂದೆ.

ಬೆಕ್ಕು ಕಿವಿಗೆ ಕೇಳುವುದಲ್ಲ, ಬೆರಳಿಗೆ ಸಿಗುವುದು. ಅದು ನನ್ನಷ್ಟೇ ಅವಳಿಗೂ ಗೊತ್ತಿತ್ತು. ಅವಳು ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡು ಸೆರಗಿನೊಳಗೆ ಇಟ್ಟುಕೊಂಡಳು. ಅಂಗಡಿಯವರು ಬಳೆಗಳನ್ನು ಪೇಪರಿನಲ್ಲಿ ಸುತ್ತಿ ಕೊಟ್ಟರು.

ಆಸ್ಪತ್ರೆಯಲ್ಲಿ ಸಿಸ್ಟರ್ ಸ್ಟೆತಾಸ್ಕೋಪ್ ಇಟ್ಟು ಕೇಳಿ ಡಾಕ್ಟರಿಗೆ ಫೋನ್ ಮಾಡಿದರು. ಸ್ಕ್ಯಾನ್ ಆಯಿತು. ಹೊಲಿಗೆಯ ಜಾಗದಿಂದ ಮೇಲಕ್ಕೆ ಹೆಪ್ಪುಗಟ್ಟಿತ್ತು. ಅವತ್ತೇ ಕೈ ಕೊಯ್ದು ಹೆಪ್ಪು ತೆಗೆದರು. ಸ್ವಲ್ಪ ಹೊತ್ತು ಹರಿಯಿತಂತೆ, ಮತ್ತೆ ನಿಂತಿತಂತೆ. ಸಂಜೆಯ ಹೊತ್ತಿಗೆ ಅವಳ ಕುತ್ತಿಗೆಯ ದೊಡ್ಡ ಅಭಿಧಮನಿಗೆ ಕೊಳವೆ ಹಾಕಿ ಡಯಾಲಿಸಿಸ್ ಮಾಡಿದರು.

ನಾನು ಸರ್ಜನ್ನರನ್ನು ಕಾರಿಡಾರಿನಲ್ಲಿ ತಡೆದು ನಿಲ್ಲಿಸಿ ಕೇಳಿದೆ, ಬಳೆಯಿಂದಲೇ ಆಯಿತಾ ಎಂದು.

"ಅದೊಂದರಿಂದಲೇ ಅಂತ ಹೇಳಕ್ಕಾಗಲ್ಲ. ರಾತ್ರಿ ಬಿಪಿ ಇಳಿದಿರಬಹುದು. ನಾಳ ಮೊದ್ಲೇ ಸಣ್ಣದಿತ್ತು. ಬಳೆಯೂ ಸೇರಿರಬಹುದು."

ನನಗೆ ಆ ಉತ್ತರ ಬೇಕಿರಲಿಲ್ಲ. ಬಳೆಯಿಂದಲೇ ಎಂದಿದ್ದರೆ ಬಳೆಯವಳನ್ನು, ಬೀಗಿತ್ತಿಯನ್ನು, ಹಸಿರು ಗಾಜು ಮಾಡಿದವರನ್ನು, ಎಲ್ಲರನ್ನೂ ಬೈಯಬಹುದಿತ್ತು. ಬಳೆಯಿಂದ ಅಲ್ಲವೇ ಅಲ್ಲ ಎಂದಿದ್ದರೆ ಸುಮ್ಮನೆ ಅಳಬಹುದಿತ್ತು. ಎರಡಕ್ಕೂ ದಾರಿಯಿಲ್ಲದೆ ಬಸ್ ಸ್ಟಾಪಿನಲ್ಲಿ ನಿಂತು ಚಿಲ್ಲರೆ ವಿಷಯಕ್ಕೆ ಕಂಡಕ್ಟರನ ಜೊತೆ ಜಗಳವಾಡಿದೆ. ಪಾಪ, ಅವನಿಗೇನು ಗೊತ್ತು.

ಬೀಗಿತ್ತಿ ಭದ್ರಾವತಿಯಿಂದ ಓಡಿ ಬಂದು ಇವಳ ಕಾಲು ಹಿಡಿದುಕೊಂಡು ಅತ್ತರು. "ನಂಗೆ ಒಂದು ಮಾತು ಹೇಳಬಾರ್ದಿತ್ತಾ ಬೀಗ್ರೇ?" ಇವಳೇ ಅವರನ್ನು ಸಮಾಧಾನ ಮಾಡಿದಳು. "ನೀವೇನು ಮಾಡ್ತೀರಿ? ಕೈ ಚಾಚಿದ್ದು ನಾನು." ನಾನು ಅವರ ಮುಖ ನೋಡಲಾರದೆ ಹೊರಗೆ ಹೋದೆ. ಅವರ ಮೇಲೆ ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅದಕ್ಕೂ ನನಗೇ ನನ್ನ ಮೇಲೆ ಸಿಟ್ಟು.

ಕುತ್ತಿಗೆಯ ಕೊಳವೆ ನೇರವಾಗಿ ಹೃದಯದ ಬಾಗಿಲಿಗೇ ಹೋಗುತ್ತದೆ. ಚರ್ಮದ ಕಾವಲು ಅದಕ್ಕಿಲ್ಲ. ಅದಕ್ಕೇ ತಲೆಗೆ ನೀರು ಹಾಕಿಕೊಳ್ಳುವಂತಿಲ್ಲ, ಬ್ಯಾಂಡೇಜು ಒದ್ದೆಯಾಗುವಂತಿಲ್ಲ, ಚಳಿಜ್ವರ ಬಂದರೆ ಆ ಕ್ಷಣ ಆಸ್ಪತ್ರೆಗೆ ಓಡಬೇಕು. ಮೊಮ್ಮಗಳು ಹುಟ್ಟಿದಳು. ಕೂಸು ಕೈಗೆ ಸಿಕ್ಕಿದ್ದನ್ನು ಎಳೆಯುತ್ತದೆ ಎಂದು ಇವಳು ಅದನ್ನು ಎತ್ತಿಕೊಳ್ಳದೆ ಪಕ್ಕದಲ್ಲಿ ಮಲಗಿಸಿಕೊಂಡು ಬೆರಳು ಕೊಡುತ್ತಿದ್ದಳು. ಅದು ಎಡಗೈಯ ಬೆರಳು. ಆ ಕೈಗೆ ಈಗ ಯಾವ ಕಟ್ಟುಪಾಡೂ ಇರಲಿಲ್ಲ.

ಆದರೂ ಆ ಕೈಗೆ ಬಳೆ ಹಾಕಲಿಲ್ಲ. ಪೇಪರಿನ ಪೊಟ್ಟಣ ಬೀರುವಿನಲ್ಲಿ ಸೀರೆಗಳ ಕೆಳಗಿತ್ತು. ಒಂದು ದಿನ ನಾನೇ ಹೇಳಿದೆ, "ಈಗ ಹಾಕ್ಕೊಳ್ಳೇ, ಇನ್ನೇನಡ್ಡಿ?"

"ಇರ್ಲಿ ಬಿಡ್ರಿ. ಅವು ಆಮೇಲೆ ಬೇಕಾಗುತ್ತೆ."

ನಾನು ತಿಳಿಯದವನಂತೆ ಟಿವಿ ಹಾಕಿದೆ.

ಬೆಳಗಿನ ಅಭ್ಯಾಸ ಮಾತ್ರ ಹೋಗಲಿಲ್ಲ. ಅವಳು ಚಾಚದಿದ್ದರೂ ನಾನು ಹೋಗಿ ಆ ಗಟ್ಟಿಯಾದ ನರದ ಮೇಲೆ ಹೆಬ್ಬೆರಳು ಇಡುತ್ತಿದ್ದೆ. ಮೊದಮೊದಲು "ಯಾಕ್ರಿ, ಅದೇನು ವಾಪಸ್ ಬರುತ್ತಾ?" ಎನ್ನುತ್ತಿದ್ದಳು. ಆಮೇಲೆ ಸುಮ್ಮನೆ ಬಿಟ್ಟುಕೊಡತೊಡಗಿದಳು. ಸ್ವಲ್ಪ ಹೊತ್ತು ಇಬ್ಬರೂ ಹಾಗೇ ಕೂರುತ್ತಿದ್ದೆವು. ಡಾಕ್ಟರು ಹೇಳದೆ ನಾನು ಅವಳ ಕೈ ಹಿಡಿದದ್ದು ಆ ಕೆಲವು ತಿಂಗಳು ಮಾತ್ರ.

ಎರಡು ಸಲ ಜ್ವರ ಬಂದು ಇಳಿಯಿತು. ಮೂರನೆಯದು ಇಳಿಯಲಿಲ್ಲ. ಕೊಳವೆಯ ದಾರಿಯಲ್ಲೇ ನಂಜು ರಕ್ತಕ್ಕೆ ಸೇರಿತ್ತು. ಮೈಯ ಮೂಲೆ ಮೂಲೆಗೆ ಅನ್ನ ಒಯ್ಯುವ ದಾರಿಗಳೇ ಅದನ್ನೂ ಹೊತ್ತುಕೊಂಡು ಹೋದವು.

ಮನೆಗೆ ತಂದ ಮೇಲೆ ಹೆಂಗಸರು ಅವಳಿಗೆ ಅರಿಶಿನ ಹಚ್ಚಿ, ಹಣೆಗೆ ಅಗಲವಾಗಿ ಕುಂಕುಮ ಇಟ್ಟು, ಹೂ ಮುಡಿಸಿದರು. ಹಸಿರು ಬಳೆ ಎಲ್ಲಿ ಎಂದು ಯಾರೋ ಕೇಳಿದರು. ಮಗಳು ಬೀರುವಿನಿಂದ ಪೇಪರಿನ ಪೊಟ್ಟಣ ತಂದಳು. ಇವಳು ಮಗಳಿಗೆ ಯಾವಾಗ ಹೇಳಿದ್ದಳೋ ಗೊತ್ತಿಲ್ಲ. ಎಣ್ಣೆ ಬೇಕಾಗಲಿಲ್ಲ, ಸೋಪು ಬೇಕಾಗಲಿಲ್ಲ. ಒಣಗಿದ ಕೈಯಲ್ಲಿ ಬಳೆಗಳು ತಾವಾಗಿಯೇ ಜಾರಿ ಮಣಿಕಟ್ಟು ದಾಟಿ ಮೇಲಕ್ಕೆ ಹೋದವು.

"ಪುಣ್ಯವಂತೆ. ಮುತ್ತೈದೆಯಾಗಿ ಹೋದ್ಲು" ಎಂದರು ಒಬ್ಬರು. ಉಳಿದವರೆಲ್ಲ ಹೌದು ಹೌದು ಎಂದರು.

ನನಗೆ ಅವರನ್ನೆಲ್ಲ ಮನೆಯಿಂದ ಆಚೆಗೆ ಅಟ್ಟಬೇಕು ಎನ್ನಿಸಿತು. ಬಾಯಿ ತೆರೆದರೆ ಕೂಗು ಬರಲಿಲ್ಲ. ಹೋಗಿ ಅವಳ ಎಡಮಗ್ಗುಲಿಗೆ ನೆಲದ ಮೇಲೆ ಕೂತೆ. ಬಳೆಗಳನ್ನು ಮೊಣಕೈ ಕಡೆಗೆ ಸರಿಸಿ, ಹೊಲಿಗೆಯ ಗುರುತಿನ ಮೇಲೆ ಹೆಬ್ಬೆರಳು ಇಟ್ಟೆ. ಚರ್ಮ ತಣ್ಣಗಿತ್ತು. ದಿನವೂ ಕೇಳುತ್ತಿದ್ದವಳು ಅವತ್ತು ಕೇಳಲಿಲ್ಲ. ಅವಳು ಕೇಳದಿದ್ದರೂ ನಾನು ಹೇಳಿದೆ.

"ಮಲಗಿದೆ ಕಣೇ."